ಸಂಶಯ ಬರೋದು ಯಾರ ಮೇಲೆ? ಹೆಣ್ಣುಮಕ್ಕಳ ಓಟ, ಲಿಂಗ ಪರೀಕ್ಷೆ, ಮೈಬಣ್ಣ

ಪೀಟಿ_ಮೇಷ್ಟ್ರು_ಹಾಸನ:

ಗೆಳೆಯರೇ, 2025ರ ಸೆಪ್ಟೆಂಬರ್ 1ರಿಂದ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನವರು ಹೊಸ ನಿಯಮ ಜಾರಿ ಮಾಡಿದ್ದಾರೆ. ವಿಶ್ವ ರ‍್ಯಾಂಕಿಂಗ್ ಲೆಕ್ಕಕ್ಕೆ ಬರುವ ಕೂಟಗಳಲ್ಲಿ ಮಹಿಳೆಯರ ವಿಭಾಗಕ್ಕೆ ಇಳಿಯಬೇಕಾದರೆ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ವೈ ಕ್ರೋಮೊಸೋಮ್‌ನಲ್ಲಿದ್ದು ಗಂಡು ಬೆಳವಣಿಗೆಗೆ ಚಾಲನೆ ಕೊಡುವ ಜೀನ್) ಪರೀಕ್ಷೆ ಆಗಿರಬೇಕು. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಕೊಟ್ಟರೂ ಆಯ್ತು, ರಕ್ತ ಕೊಟ್ಟರೂ ಆಯ್ತು. ಜೀವಮಾನಕ್ಕೆ ಒಂದೇ ಸಲ. ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಈ ನಿಯಮದಲ್ಲೇ ನಡೆಯಿತು.

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಎಲ್ಲರೂ "ಒಳ್ಳೇದೇ ಆಯ್ತು ಬಿಡಿ, ಗಂಡಸರು ಬಂದು ಹೆಣ್ಣುಮಕ್ಕಳ ಮೆಡಲ್ ಹೊಡ್ಕೊಂಡು ಹೋಗೋದು ನಿಲ್ಲುತ್ತೆ" ಅಂದರು. 1966ರಿಂದ ಪರೀಕ್ಷೆ ನಡೀತಾ ಇದೆ, ವೇಷ ಹಾಕಿಕೊಂಡು ಬಂದು ಅದರಲ್ಲಿ ಸಿಕ್ಕಿಬಿದ್ದ ಒಬ್ಬ ಗಂಡಸಿನ ಹೆಸರು ಹೇಳಿ ಅಂದೆ. ಯಾರೂ ಹೇಳಲಿಲ್ಲ. ಹೇಳೋಕೆ ಹೆಸರೇ ಇಲ್ಲ.

ಹಿಂದಿನದನ್ನ ಸ್ವಲ್ಪ ನೆನಪು ಮಾಡ್ತೀನಿ. 1966ರಲ್ಲಿ ಬುಡಾಪೆಸ್ಟ್ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಬಂದ ಹೆಣ್ಣುಮಕ್ಕಳನ್ನು ಡಾಕ್ಟರುಗಳ ಮುಂದೆ ಬೆತ್ತಲೆ ನಡೆಸಿದರು. ಅದೇ ವರ್ಷ ಜಮೈಕಾದ ಕಿಂಗ್‌ಸ್ಟನ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಮುಟ್ಟಿ ನೋಡಿಯೇ ಒಳಗೆ ಬಿಟ್ಟರು. 1968ರ ಒಲಿಂಪಿಕ್ಸ್‌ನಿಂದ ಕೆನ್ನೆಯ ಜೀವಕೋಶ ತೆಗೆದು ಕ್ರೋಮೊಸೋಮ್ ನೋಡೋದು ಶುರುವಾಯ್ತು. ಪಾಸಾದವರಿಗೆ ಒಂದು ಸರ್ಟಿಫಿಕೇಟು. 1976ರ ಮಾಂಟ್ರಿಯಲ್‌ನಲ್ಲಿ ಬ್ರಿಟನ್ನಿನ ರಾಜಕುಮಾರಿ ಆ್ಯನ್ ಕುದುರೆ ಸವಾರಿಗೆ ಬಂದಿದ್ದರು, ಅವರಿಗೆ ಮಾತ್ರ ಪರೀಕ್ಷೆ ಬೇಡ ಅಂದರು! 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರನ್ನೂ ಪರೀಕ್ಷಿಸೋದು ನಿಲ್ಲಿಸಿತು. ಸಂಶಯ ಬಂದರೆ ಮಾತ್ರ ನೋಡೋಣ ಅಂದಿತು.

ಸಂಶಯ ಯಾರಿಗೆ ಬರಬೇಕು? ಏನು ನೋಡಿ ಬರಬೇಕು? ಅಲ್ಲಿಂದ ಈಚೆಗೆ ಬೀದಿಗೆ ಬಿದ್ದ ಹೆಸರುಗಳನ್ನು ನೋಡಿ. ತಮಿಳುನಾಡಿನ ಶಾಂತಿ ಸೌಂದರಾಜನ್. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ. ಉಗಾಂಡದ ಆ್ಯನೆಟ್ ನೆಗೆಸಾ. ಒಡಿಶಾದ ದ್ಯುತಿ ಚಾಂದ್. ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾ, ಕೆನ್ಯಾದ ಮಾರ್ಗರೆಟ್ ವಂಬುಯಿ, ನಮೀಬಿಯಾದ ಕ್ರಿಸ್ಟೀನ್ ಎಂಬೋಮಾ. ಎಲ್ಲಾ ನಮ್ಮಂಥ ದೇಶದವರು, ನಮ್ಮಂಥ ಬಣ್ಣದವರು, ಬಹುಪಾಲು ಬಡವರ ಮನೆಯವರು.

2009ರ ಬರ್ಲಿನ್ ಓಟ ನೋಡಿದವರಿಗೆ ನೆನಪಿರುತ್ತೆ. ಸೆಮೆನ್ಯಾಗೆ 18 ವರ್ಷ. 800 ಮೀಟರ್ 1 ನಿಮಿಷ 55.45 ಸೆಕೆಂಡ್. ಹಿಂದಿದ್ದ ಕೆನ್ಯಾದ ಜೇನೆತ್ ಜೆಪ್ಕೋಸ್ಗಿ ಬಂದಿದ್ದು ಎರಡು ಸೆಕೆಂಡ್‌ಗೂ ಜಾಸ್ತಿ ತಡವಾಗಿ. ಆದರೆ ಫೈನಲ್‌ಗೆ ಕೆಲವೇ ಗಂಟೆ ಮುಂಚೆ, ಈ ಹುಡುಗಿಯ ಲಿಂಗ ಪರೀಕ್ಷೆ ನಡೀತಾ ಇದೆ ಅಂತ ಜಗತ್ತಿಗೆಲ್ಲ ಗೊತ್ತಾಗಿಬಿಟ್ಟಿತ್ತು. ಆರನೆಯವರಾಗಿ ಬಂದ ಇಟಲಿಯ ಎಲಿಸಾ ಕುಸ್ಮಾ "ಅವಳು ಗಂಡಸು" ಅಂದರು. ಐದನೆಯವರಾಗಿ ಬಂದ ರಷ್ಯಾದ ಮರಿಯಾ ಸವಿನೋವಾ "ಸುಮ್ನೆ ಅವಳನ್ನ ನೋಡಿ, ಸಾಕು" ಅನ್ನೋ ಥರ ಮಾತಾಡಿದರು. ಇದೇ ಸವಿನೋವಾ 2012ರ ಲಂಡನ್‌ನಲ್ಲಿ ಸೆಮೆನ್ಯಾರನ್ನ ಹಿಂದೆ ಹಾಕಿ ಚಿನ್ನ ಗೆದ್ದರು. ಆಮೇಲೆ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ಅದನ್ನ ಕಳೆದುಕೊಂಡರು. ಚಿನ್ನ ಸೆಮೆನ್ಯಾಗೇ ಬಂತು. ಹೊರಗಿಂದ ಔಷಧ ತಗೊಂಡವರನ್ನ ನೋಡಿದರೆ ಯಾರಿಗೂ ಸಂಶಯ ಬರಲಿಲ್ಲ ನೋಡಿ.

ನಿಮಗೇನನ್ನಿಸುತ್ತೆ?

ಲೇನ್_ನಾಲ್ಕು:

ಮೇಷ್ಟ್ರೇ, ನಾನು ಯೂನಿವರ್ಸಿಟಿ ಲೆವೆಲ್‌ನಲ್ಲಿ 400 ಮೀಟರ್ ಓಡಿದವಳು. ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ, ಅರ್ಧ ಮಾತ್ರ ಒಪ್ಪುತ್ತೀನಿ.

ಮಹಿಳೆಯರ ವಿಭಾಗ ಅಂತ ಬೇರೆ ಯಾಕಿದೆ? ಇಲ್ಲದಿದ್ದರೆ ನಾವು ಫೈನಲ್ ಮುಖಾನೇ ನೋಡ್ತಿರಲಿಲ್ಲ. ಟಾಪ್ ಗಂಡಸರಿಗೂ ಟಾಪ್ ಹೆಂಗಸರಿಗೂ ಓಟದಲ್ಲಿ ಹತ್ತಿರ ಹತ್ತಿರ ಶೇ 10–12 ವ್ಯತ್ಯಾಸ ಇದೆ. 400 ಮೀಟರ್‌ನಲ್ಲಿ ಶೇ 1 ಅಂದ್ರೆ ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡ್‌ಗೆ ಬೆಳಗಿನ ಜಾವ ಎದ್ದು ವಾಂತಿ ಬರೋ ತನಕ ಓಡಿದ್ದೀನಿ. ಬೇಲಿ ಇರಬೇಕು ಅಂದ ಮೇಲೆ ಅದು ಎಲ್ಲಿ ಅಂತ ಯಾರೋ ಒಬ್ಬರು ಹೇಳಲೇಬೇಕು. ನೀವು ಅದನ್ನ ಹೇಳದೆ ಜಾರಿಕೊಂಡಿರಿ.

ಇನ್ನೊಂದು, ಬಣ್ಣದ ವಿಷಯ. 1967ರಲ್ಲಿ ಕ್ರೋಮೊಸೋಮ್ ಪರೀಕ್ಷೆಯಲ್ಲಿ ಮೊದಲು ಫೇಲ್ ಆದವರು ಪೋಲೆಂಡಿನ ಎವಾ ಕ್ಲೊಬುಕೋವ್ಸ್ಕಾ. 1985ರಲ್ಲಿ ಸ್ಪೇನಿನ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ. ಇಬ್ಬರೂ ಬಿಳಿಯರು. 800 ಮೀಟರ್ ವಿಶ್ವದಾಖಲೆ ಇವತ್ತಿಗೂ 1983ರಲ್ಲಿ ಯಾರ್ಮಿಲಾ ಕ್ರಾಟೊಖ್ವಿಲೋವಾ ಓಡಿದ 1:53.28. ಜೆಕೊಸ್ಲೊವಾಕಿಯಾದವರು. ಅವರ ತೋಳು, ಮುಖ ನೋಡಿ ಜನ ಆಡಿಕೊಂಡಿದ್ದು ಕಡಿಮೆಯೇ? ಎಲ್ಲದಕ್ಕೂ ಬಣ್ಣದ ಲೇಪ ಹಚ್ಚಬೇಡಿ ಸರ್.

ಸುಮ್ನೆ_ಓದುವವ:

ಹಾಗಂದ್ರೆ ಉಸೇನ್ ಬೋಲ್ಟ್ ಕಾಲು ಉದ್ದ ಇದೆ, ಅದೂ ಹುಟ್ಟಿನಿಂದ ಬಂದಿದ್ದೇ. ಅವರನ್ನ ಯಾಕೆ ಹೊರಗೆ ಹಾಕಲಿಲ್ಲ?

ಲೇನ್_ನಾಲ್ಕು:

@ಸುಮ್ನೆ_ಓದುವವ ಕಾಲು ಗಿಡ್ಡ ಇರುವವರಿಗೆ ಅಂತ ಬೇರೆ ರೇಸ್ ಇಲ್ಲವಲ್ಲ, ಅದಕ್ಕೆ. ಹೆಂಗಸರಿಗೆ ಬೇರೆ ರೇಸ್ ಇದೆ. ಪ್ರತಿ ಚರ್ಚೆಯಲ್ಲೂ ಇದನ್ನೇ ಕೇಳ್ತಾರೆ.

ಪ್ಯಾಥಾಲಜಿ_ಪ್ರಸಾದ:

ಲ್ಯಾಬಿನಲ್ಲಿ ಕೆಲಸ ಮಾಡೋನು. ಮೊದಲು ಒಂದು ಗೊಂದಲ ತೆಗೆದುಬಿಡೋಣ. ಇಲ್ಲಿ ಮಾತು ಲಿಂಗ ಬದಲಿಸಿಕೊಂಡವರದ್ದಲ್ಲ. ಅವರದ್ದು ಬೇರೆ ನಿಯಮ. ಗಂಡಾಗಿ ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರಿಗೆ 2023ರ ಮಾರ್ಚ್‌ನಲ್ಲೇ ವರ್ಲ್ಡ್ ಅಥ್ಲೆಟಿಕ್ಸ್ ಬಾಗಿಲು ಹಾಕಿದೆ. ಸೆಮೆನ್ಯಾ ಥರದವರು ಹುಟ್ಟಿದಾಗ ಹೆಣ್ಣುಮಗು ಅಂತಲೇ ಬರೆಸಿಕೊಂಡವರು, ಹೆಣ್ಣಾಗೇ ಬೆಳೆದವರು. ದೇಹದ ಒಳಗಿನ ಬೆಳವಣಿಗೆ ಬೇರೆ ದಾರಿ ಹಿಡಿದಿರುತ್ತೆ, ಅಷ್ಟೇ.

ಅದರಲ್ಲೂ ಎಲ್ಲರದ್ದೂ ಒಂದೇ ಅಲ್ಲ. ಕೆಲವರಿಗೆ ಸಾಮಾನ್ಯವಾಗಿ ಗಂಡಸರಲ್ಲಿರುವ ಎಕ್ಸ್‌ವೈ ಕ್ರೋಮೊಸೋಮ್ ಇರುತ್ತೆ, ಗಂಡಸರಲ್ಲಿ ಜಾಸ್ತಿ ಇರುವ ಹಾರ್ಮೋನ್ ಟೆಸ್ಟೋಸ್ಟೆರಾನ್ ಕೂಡ ತಯಾರಾಗುತ್ತೆ, ಆದರೆ ದೇಹ ಅದನ್ನ ಗುರುತೇ ಹಿಡಿಯಲ್ಲ. ಪಟಿನ್ಯೊ ಅವರದ್ದು ಇದೇ. ಹಾರ್ಮೋನ್ ಎಷ್ಟಿದ್ದರೂ ಅವರಿಗೆ ಒಂದು ಗುಂಜಿಯಷ್ಟೂ ಲಾಭ ಇಲ್ಲ. ಇನ್ನು ಕೆಲವರಲ್ಲಿ ಐದು-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವ ಕೆಲಸ ಮಾಡಲ್ಲ. ಹುಟ್ಟುವಾಗ ಹೆಣ್ಣುಮಗುವಿನ ಹಾಗೇ ಕಾಣುತ್ತೆ, ಪ್ರಾಯಕ್ಕೆ ಬಂದಾಗ ದನಿ, ಸ್ನಾಯು ಬದಲಾಗುತ್ತೆ. ಜಗಳ ಇರೋದು ಮುಖ್ಯವಾಗಿ ಇಂಥವರ ಬಗ್ಗೆ. ವರ್ಲ್ಡ್ ಅಥ್ಲೆಟಿಕ್ಸ್ ಲೆಕ್ಕದ ಪ್ರಕಾರ ಹೆಂಗಸರಲ್ಲಿ ಸಾಮಾನ್ಯವಾಗಿ ಟೆಸ್ಟೋಸ್ಟೆರಾನ್ ಲೀಟರಿಗೆ 0.12ರಿಂದ 1.79 ನ್ಯಾನೊಮೋಲ್, ಗಂಡಸರಲ್ಲಿ 7.7ರಿಂದ 29.4. ಮಧ್ಯೆ ದೊಡ್ಡ ಕಂದರ ಇದೆ. ಲೇನ್ ನಾಲ್ಕು ಮೇಡಂ ಹೇಳೋದು ಗಾಳಿಮಾತಲ್ಲ.

ಆದರೆ ಮೇಷ್ಟ್ರು ಹೇಳಿದ್ದಕ್ಕೂ ಒಂದು ಕಾರಣ ಇದೆ, ಅದನ್ನ ಯಾರೂ ಹೇಳಲ್ಲ. ಶ್ರೀಮಂತ ದೇಶದಲ್ಲಿ ಇಂಥ ಮಗು ಹುಟ್ಟಿದರೆ ತೊಟ್ಟಿಲಲ್ಲಿರುವಾಗಲೇ ಡಾಕ್ಟರಿಗೆ ಗೊತ್ತಾಗೋದು ಜಾಸ್ತಿ. ಎಷ್ಟೋ ಕಡೆ ಅಲ್ಲೇ ಆಪರೇಷನ್ನೂ ಮಾಡಿಬಿಡ್ತಿದ್ದರು. ಅದು ಸರಿಯೋ ತಪ್ಪೋ ಬೇರೆ ಮಾತು. ಆ ಹುಡುಗಿ ದೊಡ್ಡವಳಾಗಿ ಟ್ರ್ಯಾಕಿಗೆ ಬಂದಾಗ ಪತ್ತೆ ಹಚ್ಚೋಕೆ ಏನೂ ಉಳಿದಿರಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಹಳ್ಳಿಯಲ್ಲೋ ಪುದುಕೋಟೆ ಕಡೆಯ ಹಳ್ಳಿಯಲ್ಲೋ ಹುಟ್ಟಿದರೆ ದಾಯಿ ನೋಡಿ "ಹೆಣ್ಣು" ಅಂದರೆ ಮುಗೀತು. ಗೊತ್ತಾಗೋದು ಮೆಡಲ್ ಗೆದ್ದ ಮೇಲೆ, ಟೀವಿ ಮುಂದೆ. ಜೊತೆಗೆ ಆ ಕಿಣ್ವದ ತೊಂದರೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತೆ. ಹಾಗಾಗಿ ಸಂಬಂಧದಲ್ಲೇ ಮದುವೆಯಾಗೋ ಕಡೆ ಜಾಸ್ತಿ. ಸೋದರಮಾವನಿಗೆ ಹೆಣ್ಣು ಕೊಡೋ ನಮಗೆ ಇದು ದೂರದ ಕಥೆ ಅಲ್ಲ.

ಇಬ್ಬರು_ಹೆಣ್ಮಕ್ಕಳ_ತಾಯಿ:

ಪ್ರಸಾದ್ ಸರ್, ನನ್ನ ದೊಡ್ಡ ಮಗಳಿಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದೆ, ಜಿಲ್ಲಾ ಮಟ್ಟದಲ್ಲಿ ಲಾಂಗ್ ಜಂಪ್ ಮಾಡ್ತಾಳೆ. ಇದರಿಂದ ಅವಳಿಗೆ ತೊಂದರೆ ಆಗುತ್ತಾ?

ಪ್ಯಾಥಾಲಜಿ_ಪ್ರಸಾದ:

@ಇಬ್ಬರು_ಹೆಣ್ಮಕ್ಕಳ_ತಾಯಿ ಇಲ್ಲಮ್ಮ, ಹೆದರಬೇಡಿ. ಪಿಸಿಒಎಸ್‌ನಲ್ಲಿ ಟೆಸ್ಟೋಸ್ಟೆರಾನ್ ಸ್ವಲ್ಪ ಏರಬಹುದು, ಆದರೆ ಎಸ್‌ಆರ್‌ವೈ ಜೀನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹಾರಲಿ ಬಿಡಿ.

ಜೋಹಾನ್ಸ್‌ಬರ್ಗ್_ಕನ್ನಡಿಗ:

ನಾನು ಇಲ್ಲಿಗೆ ಬಂದಿದ್ದು 2007ರಲ್ಲಿ. ಸೆಮೆನ್ಯಾ ಬರ್ಲಿನ್‌ನಿಂದ ವಾಪಸ್ ಬಂದ ದಿನ ಏರ್‌ಪೋರ್ಟಿಗೆ ಸಾವಿರಾರು ಜನ ಬಂದಿದ್ದರು. ಆಫೀಸಿನಲ್ಲಿ ಕೆಲಸ ನಿಲ್ಲಿಸಿ ಟೀವಿ ನೋಡಿದೆವು. ನಮ್ಮ ಆಫೀಸಿನ ಸ್ವಚ್ಛತೆ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರು "ಸಾರಾಗೆ ಮಾಡಿದ್ದನ್ನೇ ಇವಳಿಗೂ ಮಾಡ್ತಿದ್ದಾರೆ" ಅಂದರು. ಯಾವ ಸಾರಾ ಅಂತ ನನಗೆ ಆಗ ತಿಳೀಲಿಲ್ಲ.

ಸಾರಾ ಬಾರ್ಟ್‌ಮನ್. ಇಲ್ಲಿನ ಖೋಯಿಖೋಯಿ ಜನಾಂಗದ ಹೆಣ್ಣು. 1810ರಲ್ಲಿ ಲಂಡನ್ನಿಗೆ ಕರೆದುಕೊಂಡು ಹೋಗಿ, ಅವಳ ಮೈಯನ್ನ ದುಡ್ಡು ತಗೊಂಡು ಜನಕ್ಕೆ ತೋರಿಸಿದರು. 1815ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ಸತ್ತ ಮೇಲೂ ಬಿಡಲಿಲ್ಲ. ಡಾಕ್ಟರುಗಳು ಕೊಯ್ದು, ಅಂಗಗಳನ್ನು ಜಾಡಿಯಲ್ಲಿಟ್ಟರು. ಅಲ್ಲಿನ ಮ್ಯೂಸಿಯಂನಲ್ಲಿ 1970ರ ದಶಕದ ತನಕ ಅವಳ ದೇಹದ ಭಾಗಗಳು ಪ್ರದರ್ಶನದಲ್ಲಿದ್ದವು. ಮಣ್ಣು ಮಾಡೋಕೆ ಸಿಕ್ಕಿದ್ದು 2002ರಲ್ಲಿ. ಇದು ಗೊತ್ತಿರುವ ಊರಿನಲ್ಲಿ ಯುರೋಪಿನವರು ಬಂದು "ಆ ಕಪ್ಪು ಹುಡುಗಿಯ ಬಟ್ಟೆಯೊಳಗೆ ಏನಿದೆ" ಅಂತ ಕೇಳಿದರೆ ಜನ ಅದನ್ನ ವಿಜ್ಞಾನ ಅಂತ ಕೇಳಿಸಿಕೊಳ್ಳಲ್ಲ. ಲೇನ್ ನಾಲ್ಕು ಅವರೇ, ಲೇಪ ಹಚ್ಚಬೇಡಿ ಅಂದಿರಿ. ಲೇಪ ನಾವು ಹಚ್ಚಿದ್ದಲ್ಲ.

ಹಾಗಂತ ಇಲ್ಲಿನವರು ಸಾಚಾ ಅಂತಲೂ ಅಲ್ಲ. ಇಲ್ಲಿನ ಅಥ್ಲೆಟಿಕ್ಸ್ ಸಂಸ್ಥೆಯ ಅಧ್ಯಕ್ಷ ಲಿಯೊನಾರ್ಡ್ ಚೂಯೆನೆ "ಇದೆಲ್ಲ ವರ್ಣಭೇದ, ನಾವು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ" ಅಂತ ಗುಡುಗಿದರು. ಆಮೇಲೆ ನೋಡಿದರೆ ಬರ್ಲಿನ್‌ಗೆ ಹೋಗೋ ಮುಂಚೆ ಪ್ರಿಟೋರಿಯಾದಲ್ಲಿ ಇವರೇ ಪರೀಕ್ಷೆ ಮಾಡಿಸಿದ್ದರು! ಅದು ಏನು ಪರೀಕ್ಷೆ ಅಂತ ಆ ಹುಡುಗಿಗೆ ಸರಿಯಾಗಿ ಹೇಳಿರಲೂ ಇಲ್ಲ. ಸುಳ್ಳು ಹೇಳಿದ್ದನ್ನ ಒಪ್ಪಿಕೊಂಡರು, ಆಮೇಲೆ ಅವರನ್ನ ಅಮಾನತು ಮಾಡಿದರು. ಅವಳ ಮಾನಕ್ಕಿಂತ ದೇಶದ ಮೆಡಲ್ ದೊಡ್ಡದಾಗಿತ್ತು.

ಹೊಸೂರು_ಬಾರ್ಡರ್:

ಶಾಂತಿ ವಿಷಯ ಯಾರೂ ಮುಂದುವರಿಸಲಿಲ್ಲ, ನಾನು ಹೇಳ್ತೀನಿ. ಪುದುಕೋಟೆ ಜಿಲ್ಲೆಯ ಕತ್ತಕುರಿಚಿ. ದಲಿತರ ಮನೆ. ಅಪ್ಪ ಅಮ್ಮ ಇಟ್ಟಿಗೆ ಗೂಡಿನಲ್ಲಿ ಕೂಲಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಪರೀಕ್ಷೆ ಮಾಡಿದರು, ಮೆಡಲ್ ಕಿತ್ತುಕೊಂಡರು, ಮನೆಗೆ ಕಳಿಸಿದರು. ಕರುಣಾನಿಧಿ ಸರ್ಕಾರ ಮಾತ್ರ ಮಾತಿನಂತೆ 15 ಲಕ್ಷ ರೂಪಾಯಿ ಕೊಟ್ಟಿತು, ಅದನ್ನ ಹೇಳಲೇಬೇಕು. ಮುಂದಿನ ವರ್ಷ ಆಕೆ ಜೀವ ಕಳೆದುಕೊಳ್ಳೋಕೆ ಹೋಗಿದ್ದರು. 2012ರಲ್ಲಿ ಪತ್ರಿಕೆಯವರು ಹುಡುಕಿಕೊಂಡು ಹೋದಾಗ ದಿನಕ್ಕೆ 200 ರೂಪಾಯಿಗೆ ಅದೇ ಇಟ್ಟಿಗೆ ಗೂಡಿನಲ್ಲಿ ದುಡೀತಿದ್ದರು. ಆಮೇಲೆ ಕೋಚ್ ಆದರು, ಇವತ್ತು ಮಕ್ಕಳಿಗೆ ಓಟ ಕಲಿಸ್ತಾರೆ.

ಸೆಮೆನ್ಯಾ ಪರ ಅವರ ದೇಶದ ಮಂತ್ರಿಗಳೇ ಎದ್ದು ನಿಂತರು. ಶಾಂತಿ ಪರ ಡೆಲ್ಲಿಯಲ್ಲಿ ಯಾರು ನಿಂತರು? ನಮ್ಮ ಒಲಿಂಪಿಕ್ ಸಂಸ್ಥೆಯೇ ಸುದ್ದಿಯನ್ನ ಮಾಧ್ಯಮದ ಮುಂದೆ ಇಟ್ಟಿತು. ಅಲ್ಲಿ ಬಣ್ಣ ಅಂದರೆ ನಮಗೆ ಬೇಗ ಅರ್ಥ ಆಗುತ್ತೆ. ಇಲ್ಲಿ ಜಾತಿ ಅಂದರೆ "ಅದ್ಯಾಕೆ ಎಳೀತೀರಿ" ಅಂತೀವಿ.

ಗರಡಿಮನೆ:

[ಈ ಕಾಮೆಂಟನ್ನು ತೆಗೆದುಹಾಕಲಾಗಿದೆ]

ನಿರ್ವಾಹಕ:

ಆಟಗಾರ್ತಿಯರ ಅಂಗಾಂಗದ ಬಗ್ಗೆ ಜೋಕು ಇಲ್ಲಿ ನಡೆಯಲ್ಲ. ಇನ್ನೊಂದು ಸಲ ಆದರೆ ಬ್ಲಾಕ್.

ಮಲೆನಾಡು_ಎಕ್ಸ್‌ಪ್ರೆಸ್:

ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದು ಒಂದಿದೆ. ಶಾಲೆ, ಊರು, ಯಾರ ಹೆಸರೂ ಹೇಳಲ್ಲ. ನಮ್ಮ ತಂಡದಲ್ಲಿ ಒಬ್ಬಳು 800 ಮೀಟರ್ ಓಡ್ತಿದ್ದಳು. ಕಪ್ಪಗೆ, ಕಡ್ಡಿ ಥರ. ಹಾಸ್ಟೆಲಿನಲ್ಲಿ ಹೇನು ಅಂತ ಎಲ್ಲರಿಗೂ ಕೂದಲು ಕತ್ತರಿಸಿದ್ದರು, ಅವಳದ್ದು ತೀರಾ ಗಿಡ್ಡ. ಹೀಟ್ಸ್‌ನಲ್ಲಿ ಅವಳು ಎಲ್ಲರಿಗಿಂತ ಎಷ್ಟೋ ಮುಂದೆ ಬಂದಳು. ಎದುರು ತಂಡದ ಮ್ಯಾನೇಜರ್ "ಅದು ಹುಡುಗ" ಅಂತ ತಕರಾರು ಎತ್ತಿದರು. ಒಬ್ಬರು ಲೇಡಿ ಟೀಚರ್ ಅವಳನ್ನ ಸ್ಟೇಡಿಯಂ ಟಾಯ್ಲೆಟ್ಟಿಗೆ ಕರೆದುಕೊಂಡು ಹೋದರು. ನಾವು ಹೊರಗೆ ಅವಳ ಶೂ ಹಿಡ್ಕೊಂಡು ನಿಂತಿದ್ದೆವು. ಬರುವಾಗ ನಂಬರ್ ಬಟ್ಟೆ ತಲೆಕೆಳಗಾಗಿ ಪಿನ್ ಮಾಡಿಕೊಂಡು ಬಂದಳು. ಯಾರೂ ಏನೂ ಕೇಳಲಿಲ್ಲ. ನಾನು ಬಿಚ್ಚಿ ಸರಿ ಮಾಡಿದೆ, ಅವಳು ಕೈ ಎತ್ತಿಕೊಂಡು ನಿಂತಿದ್ದಳು. ಫೈನಲ್ ಓಡಿ ಗೆದ್ದಳು ಕೂಡ. ಮುಂದಿನ ವರ್ಷ ಅವರಪ್ಪ ಕಳಿಸಲಿಲ್ಲ.

ಅವಳಿಗೆ ಯಾವ ಜೀನ್ ಇತ್ತು ಅಂತ ಯಾರೂ ನೋಡಿರಲಿಲ್ಲ. ನೋಡಿದ್ದು ಕೂದಲು, ಬಣ್ಣ, ಎದೆ. ಲೇನ್ ನಾಲ್ಕು ಅಕ್ಕ ಬೇಲಿ ಅಂದರಲ್ಲ, ನಿಯಮದ ಪುಸ್ತಕ ತಲುಪದ ಕಡೆಯೂ ಬೇಲಿ ಹಾಕೋರು ಇದ್ದೇ ಇರ್ತಾರೆ.

ಲೇನ್_ನಾಲ್ಕು:

@ಮಲೆನಾಡು_ಎಕ್ಸ್‌ಪ್ರೆಸ್ ಓದಿ ಹೊಟ್ಟೆ ಉರೀತು. ಇಂಥದ್ದನ್ನ ನಾನೂ ನೋಡಿದ್ದೀನಿ. ಅದಕ್ಕೇ ಹೇಳ್ತಿರೋದು, ಎಲ್ಲರಿಗೂ ಒಂದೇ ಪರೀಕ್ಷೆ ಮಾಡಿಬಿಡಲಿ ಅಂತ. ಕಡ್ಡಿಯಲ್ಲಿ ಕೆನ್ನೆ ಒರೆಸಿದರೆ ಕಪ್ಪೋ ಬಿಳುಪೋ ಲ್ಯಾಬಿಗೆ ಗೊತ್ತಾಗಲ್ಲ. ಯಾರನ್ನೂ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಬೇಕಿಲ್ಲ. ಮೇಷ್ಟ್ರ ತಕರಾರು ಸಂಶಯದ ಬಗ್ಗೆ ತಾನೇ? ಹೊಸ ನಿಯಮದಲ್ಲಿ ಸಂಶಯದ ಮಾತೇ ಇಲ್ಲ. ಮೇಷ್ಟ್ರು ಇದನ್ನ ಸ್ವಾಗತಿಸಬೇಕಿತ್ತು!

ಪೀಟಿ_ಮೇಷ್ಟ್ರು_ಹಾಸನ:

ಒಳ್ಳೇ ಪಾಯಿಂಟ್. ಆದರೆ ಎಲ್ಲರಿಗೂ ಒಂದೇ ಪರೀಕ್ಷೆ ಅನ್ನೋದು ಹೊಸದಲ್ಲ ಮೇಡಂ. 1968ರಿಂದ 30 ವರ್ಷ ಒಲಿಂಪಿಕ್ಸ್‌ನಲ್ಲಿ ಅದೇ ಇತ್ತು. 1996ರ ಅಟ್ಲಾಂಟಾದಲ್ಲಿ 3,387 ಹೆಂಗಸರನ್ನ ಪರೀಕ್ಷಿಸಿದರು, 8 ಜನರ ಫಲಿತಾಂಶ ಪಾಸಿಟಿವ್ ಬಂತು. ಅವರಲ್ಲಿ 7 ಜನರಿಗೆ ಪ್ರಸಾದ್ ಹೇಳಿದ ಹಾರ್ಮೋನ್ ಗುರುತು ಹಿಡಿಯದ ತೊಂದರೆ. ಎಂಟೂ ಜನರನ್ನ ಓಡೋಕೆ ಬಿಟ್ಟರು. ಇಷ್ಟೆಲ್ಲ ಮಾಡಿ ಏನು ಬಂತು ಅಂತ ಡಾಕ್ಟರುಗಳೇ ಬೇಸತ್ತು ಬೇಡ ಅಂದಿದ್ದು.

ನೀವೇ ಹೇಳಿದ ಪಟಿನ್ಯೊ ಕಥೆ ನೋಡಿ. ಅವರು ಬಿಳಿಯರು, ಸಂಶಯಕ್ಕೆ ಸಿಕ್ಕವರೂ ಅಲ್ಲ. 1983ರಲ್ಲಿ ಪಾಸಾಗಿ ಸರ್ಟಿಫಿಕೇಟು ತಗೊಂಡಿದ್ದರು. 1985ರಲ್ಲಿ ಜಪಾನಿನ ಕೋಬೆಗೆ ಹೋಗುವಾಗ ಅದನ್ನ ಮನೆಯಲ್ಲಿ ಮರೆತರು. ಮತ್ತೆ ಪರೀಕ್ಷೆ ಮಾಡಿದರು, ಫೇಲ್. ಕಾಲುನೋವು ಅಂತ ನಾಟಕ ಮಾಡಿ ಕೂತುಬಿಡು ಅಂದರು, ಹಾಗೇ ಮಾಡಿದರು. ಮುಂದಿನ ಜನವರಿಯಲ್ಲಿ ಮತ್ತೆ ಹಾಗೇ ಮಾಡು ಅಂದಾಗ ಒಪ್ಪದೆ 60 ಮೀಟರ್ ಹರ್ಡಲ್ಸ್ ಓಡಿ ಗೆದ್ದರು. ಸುದ್ದಿ ಪತ್ರಿಕೆಗೆ ಸೋರಿತು. ಸ್ಕಾಲರ್‌ಷಿಪ್ ಹೋಯ್ತು, ಹಾಸ್ಟೆಲಿನಿಂದ ಹೊರಗೆ, ಮದುವೆಯಾಗಬೇಕಿದ್ದ ಹುಡುಗ ಬಿಟ್ಟುಹೋದ. 1988ರಲ್ಲಿ ಮತ್ತೆ ಓಡಬಹುದು ಅಂದರು. ಅಷ್ಟರಲ್ಲಿ ಓಟದ ವಯಸ್ಸು ಜಾರಿತ್ತು. ಹಾಗಾಗಿ ಕೆನ್ನೆಗೆ ಒಂದು ಕಡ್ಡಿ ಅಷ್ಟೇ ಅಂದುಕೊಳ್ಳಬೇಡಿ. ಪಾಸಿಟಿವ್ ಬಂದರೆ ಆಮೇಲೆ ಆಸ್ಪತ್ರೆ, ಮೈಯೆಲ್ಲ ತಪಾಸಣೆ, ಫೆಡರೇಷನ್ನು, ಪೇಪರು.

ಆ "ಆಮೇಲೆ" ನಮ್ಮಂಥವರಿಗೆ ಹೇಗಿರುತ್ತೆ ಅಂತ ದ್ಯುತಿ ಚಾಂದ್ ಅವರನ್ನ ನೋಡಿ. ಜಾಜ್‌ಪುರ ಜಿಲ್ಲೆಯ ನೇಕಾರರ ಮಗಳು. 2014ರಲ್ಲಿ 18 ವರ್ಷ. ಡೆಲ್ಲಿಗೆ ಕರೆಸಿ ಸ್ಕ್ಯಾನಿಂಗ್ ಮಾಡಿದರು, ಮಾಮೂಲು ತಪಾಸಣೆ ಅಂದುಕೊಂಡಿದ್ದರು ಆಕೆ. ಆಮೇಲೆ ನಮ್ಮ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕಳಿಸಿ ರಕ್ತ, ಕ್ರೋಮೊಸೋಮ್, ಎಂಆರ್‌ಐ, ಮೈ ತಪಾಸಣೆ. ಗ್ಲಾಸ್ಗೊ ಕಾಮನ್‌ವೆಲ್ತ್ ತಂಡದಿಂದ ಹೊರಗೆ. ಔಷಧ ತಗೊಂಡು ಹಾರ್ಮೋನ್ ಇಳಿಸಿಕೋ, ಇಲ್ಲ ಆಪರೇಷನ್ ಮಾಡಿಸಿಕೋ ಅನ್ನೋದು ಆಗಿನ ದಾರಿ. ಆಕೆ ಎರಡಕ್ಕೂ ಒಪ್ಪಲಿಲ್ಲ. ಆಟಗಾರ್ತಿಯರ ಹಕ್ಕಿಗಾಗಿ ದುಡಿಯುವ ಪಯೋಷ್ಣಿ ಮಿತ್ರಾ ಜೊತೆಗೆ ನಿಂತರು, ಟೊರೊಂಟೊದ ವಕೀಲರು ಫೀಸಿಲ್ಲದೆ ವಾದ ಮಾಡಿದರು, ಕ್ರೀಡಾ ಪ್ರಾಧಿಕಾರವೂ ಬೆಂಬಲ ಕೊಟ್ಟಿತು. 2015ರ ಜುಲೈನಲ್ಲಿ ಕ್ರೀಡಾ ನ್ಯಾಯಾಲಯ ಆ ನಿಯಮಕ್ಕೇ ತಡೆ ಕೊಟ್ಟು, ಎರಡು ವರ್ಷದಲ್ಲಿ ಪುರಾವೆ ತನ್ನಿ ಅಂತ ಅಥ್ಲೆಟಿಕ್ಸ್ ಸಂಸ್ಥೆಗೆ ಹೇಳಿತು. 2018ರಲ್ಲಿ ದ್ಯುತಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು. (ಆಮೇಲೆ ಡೋಪಿಂಗ್‌ನಲ್ಲಿ ನಿಷೇಧ ಆಯ್ತು ಅಂತ ಯಾರಾದರೂ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ. ಅದು ಬೇರೆ ಲೆಕ್ಕ.)

ಇನ್ನು ಯಾರೂ ಹಿಂದೆ ನಿಲ್ಲದವರು? 2013ರಲ್ಲಿ ಫ್ರಾನ್ಸಿನ ವೈದ್ಯರೇ ಒಂದು ಸಂಶೋಧನಾ ಲೇಖನದಲ್ಲಿ ಬರೆದುಕೊಂಡಿದ್ದಾರೆ. ಬಡ ದೇಶಗಳ ಹಳ್ಳಿಗಾಡಿನ, ಬೆಟ್ಟಗಾಡಿನ ನಾಲ್ವರು ಹುಡುಗಿಯರು, 18ರಿಂದ 21 ವಯಸ್ಸು. ಟೆಸ್ಟೋಸ್ಟೆರಾನ್ ತಯಾರಿಸುವ ಒಳಗಿನ ಗ್ರಂಥಿ ತೆಗೆದರು. ಅಷ್ಟೇ ಅಲ್ಲ, ಜನನಾಂಗವನ್ನೂ ಭಾಗಶಃ ಕತ್ತರಿಸಿ "ಸರಿ" ಮಾಡಿದರು. ಓಟಕ್ಕೂ ಅದಕ್ಕೂ ಏನು ಸಂಬಂಧ ಹೇಳಿ? ಗ್ರಂಥಿ ಬಿಟ್ಟರೂ ಆರೋಗ್ಯಕ್ಕೆ ಅಪಾಯ ಇರಲಿಲ್ಲ ಅಂತ ಅವರೇ ಬರೀತಾರೆ. ನೆಗೆಸಾ ಅವರಿಗೆ ಲಂಡನ್ ಒಲಿಂಪಿಕ್ಸ್ ವರ್ಷ ಕಂಪಾಲಾದಲ್ಲಿ ಆಪರೇಷನ್ ಆಯ್ತು. ಇಂಜೆಕ್ಷನ್ ಥರ ಸಣ್ಣದು ಅಂತ ನಂಬಿ ಮಲಗಿದರು, ಎದ್ದಾಗ ಹೊಟ್ಟೆ ಮೇಲೆ ಹೊಲಿಗೆ. ಓಟವೂ ಹೋಯ್ತು, ಆರೋಗ್ಯವೂ ಹೋಯ್ತು.

ಲೇನ್_ನಾಲ್ಕು:

ಆಪರೇಷನ್ ವಿಷಯದಲ್ಲಿ ಎದುರು ಮಾತಿಲ್ಲ, ಅದು ಅನ್ಯಾಯ. ಆದರೆ ಅದು ಬೇಲಿಯ ತಪ್ಪೋ, ಬೇಲಿ ಕಾಯೋರ ತಪ್ಪೋ? 2016ರ ರಿಯೊ 800 ಮೀಟರ್‌ನಲ್ಲಿ ಸೆಮೆನ್ಯಾ, ನಿಯೊನ್ಸಾಬಾ, ವಂಬುಯಿ ಮೂರೂ ಮೆಡಲ್ ತಗೊಂಡರು. ನಾಲ್ಕನೆಯವರು ಕೆನಡಾದ ಮೆಲಿಸ್ಸಾ ಬಿಷಪ್. ಆಕೆಯೂ ಅಷ್ಟೇ ಬೆವರು ಸುರಿಸಿದವರು. ಆಕೆಗೆ ಏನು ಹೇಳ್ತೀರಿ?

ಜೋಹಾನ್ಸ್‌ಬರ್ಗ್_ಕನ್ನಡಿಗ:

ಐದನೆಯವರ ಹೆಸರನ್ನೂ ಹೇಳಿ ಮೇಡಂ. ಪೋಲೆಂಡಿನ ಯೋಆನ್ನಾ ಯುಜ್ವಿಕ್. ಓಟ ಮುಗಿದ ಮೇಲೆ ತಾನು ಮೊದಲ ಯುರೋಪಿಯನ್, ಎರಡನೇ ಬಿಳಿ ಹೆಣ್ಣು, ಅದಕ್ಕೆ ಖುಷಿ ಅಂದರು. ಹಾರ್ಮೋನ್ ಲೆಕ್ಕದಲ್ಲಿ ಬಿಳುಪು ಎಲ್ಲಿಂದ ಬಂತು?

ಲೇನ್_ನಾಲ್ಕು:

ಆ ಮಾತನ್ನ ನಾನು ಸಮರ್ಥಿಸಲ್ಲ. ಬಿಷಪ್ ಹಾಗೆ ಹೇಳಲಿಲ್ಲವಲ್ಲ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಪ್ಯಾಥಾಲಜಿ_ಪ್ರಸಾದ:

ಉತ್ತರ ಸುಲಭ ಇದ್ದಿದ್ದರೆ ನ್ಯಾಯಾಲಯ ಯಾಕೆ ಎರಡು–ಒಂದರಲ್ಲಿ ಒಡೀತಿತ್ತು. 2018ರ ಹಾರ್ಮೋನ್ ಮಿತಿಯ ನಿಯಮದ ವಿರುದ್ಧ ಸೆಮೆನ್ಯಾ ಹಾಕಿದ್ದ ಅರ್ಜಿಯನ್ನ 2019ರ ಮೇ 1ರಂದು ತಳ್ಳಿಹಾಕುವಾಗ ಕ್ರೀಡಾ ನ್ಯಾಯಾಲಯ, ಹೌದು ಇದು ತಾರತಮ್ಯವೇ, ಆದರೆ ಬೇಕಾದ ತಾರತಮ್ಯ ಅಂದಿತು.

ನನಗೆ ಹಿಡಿಸದಿರೋದು ನಂಬರುಗಳ ಆಟ. 2011ರಲ್ಲಿ ಟೆಸ್ಟೋಸ್ಟೆರಾನ್ ಮಿತಿ ಲೀಟರಿಗೆ 10 ನ್ಯಾನೊಮೋಲ್, ಎಲ್ಲಾ ಓಟಕ್ಕೂ. 2018ರಲ್ಲಿ 5, ಅದೂ 400 ಮೀಟರ್‌ನಿಂದ ಒಂದು ಮೈಲಿವರೆಗೆ ಮಾತ್ರ. 2023ರಲ್ಲಿ 2.5, ಮತ್ತೆ ಎಲ್ಲದಕ್ಕೂ. ಈಗ ಜೀನ್. 2018ರದ್ದಕ್ಕೆ ಆಧಾರ ಅವರದ್ದೇ ವೈದ್ಯರ 2017ರ ಅಧ್ಯಯನ. ಅದರಲ್ಲಿ ಹ್ಯಾಮರ್ ಥ್ರೋ, ಪೋಲ್ ವಾಲ್ಟ್‌ನಲ್ಲೂ ವ್ಯತ್ಯಾಸ ಕಂಡಿತ್ತು, ಅವನ್ನ ಬಿಟ್ಟರು. 1500 ಮೀಟರ್‌ನಲ್ಲಿ ಕಂಡಿರಲಿಲ್ಲ, ಅದನ್ನ ಸೇರಿಸಿದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ, ನಮ್ಮ ಮಾತು ದಾರಿ ತಪ್ಪಿಸುವಂತಿರಬಹುದು, ಟೆಸ್ಟೋಸ್ಟೆರಾನ್‌ನಿಂದಲೇ ಆ ವ್ಯತ್ಯಾಸ ಅಂತ ಸಾಬೀತಾಗಿಲ್ಲ ಅಂತ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದರು. ನನ್ನ ಲ್ಯಾಬಿನಲ್ಲಿ ಹೀಗೆ ರಿಪೋರ್ಟ್ ಕೊಟ್ಟರೆ ಕೆಲಸ ಹೋಗುತ್ತೆ.

ನಿಯೊನ್ಸಾಬಾ ಅಂತೂ 800 ಬಿಟ್ಟು, ಎಲ್ಲಾ ಹೊಸದಾಗಿ ಕಲಿತು ದೂರದ ಓಟಕ್ಕೆ ಹೋದರು. 2021ರಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದರು. 2023ರಲ್ಲಿ ಆ ಬಾಗಿಲನ್ನೂ ಮುಚ್ಚಿದರು.

ಎಸ್‌ಆರ್‌ವೈ ಬಗ್ಗೆಯೂ ಅಷ್ಟೇ. 1990ರಲ್ಲಿ ಆ ಜೀನ್ ಕಂಡುಹಿಡಿದ ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನ ಹೀಗೆ ಬಳಸಬೇಡಿ ಅಂತ 2025ರಲ್ಲಿ ಬರೆದಿದ್ದಾರೆ. ಜೀನ್ ಇದೆಯೋ ಇಲ್ಲವೋ ಅಂತ ಗೊತ್ತಾಗುತ್ತೆ, ಅದು ಕೆಲಸ ಮಾಡ್ತಿದೆಯಾ, ಹಾರ್ಮೋನ್ ಬರ್ತಿದೆಯಾ, ದೇಹ ಅದನ್ನ ಬಳಸ್ತಿದೆಯಾ ಅಂತ ಗೊತ್ತಾಗಲ್ಲ. ದೇಹ ಹಾರ್ಮೋನನ್ನ ಪೂರ್ತಿಯಾಗಿ ಗುರುತು ಹಿಡಿಯದವರಿಗೆ ವರ್ಲ್ಡ್ ಅಥ್ಲೆಟಿಕ್ಸ್ ವಿನಾಯಿತಿ ಇಟ್ಟಿದೆ, ಅದು ಸರಿ. ಆದರೆ ಆ ವಿನಾಯಿತಿ ಪಡೆಯೋಕೇ ಇನ್ನಷ್ಟು ಪರೀಕ್ಷೆ ಬೇಕು.

ಸುಮ್ನೆ_ಓದುವವ:

ಪ್ಯಾರಿಸ್ ಬಾಕ್ಸಿಂಗ್ ಗಲಾಟೆನೂ ಇದೇನಾ?

ಹೊಸೂರು_ಬಾರ್ಡರ್:

ಅದರ ಬೇರು ನಮ್ಮ ಡೆಲ್ಲಿಯಲ್ಲೇ ಇದೆ. 2023ರ ಮಹಿಳಾ ವಿಶ್ವ ಬಾಕ್ಸಿಂಗ್ ಅಲ್ಲಿ ನಡೆಯಿತು. ಅಲ್ಜೀರಿಯಾದ ಇಮಾನ್ ಖೆಲಿಫ್ ಅವರನ್ನ ಲಿಂಗ ಪರೀಕ್ಷೆಯ ಕಾರಣ ಹೇಳಿ ಫೈನಲ್‌ಗೆ ಮುಂಚೆ ಹೊರಗೆ ಹಾಕಿದ್ದು ಅಲ್ಲಿಯೇ. ಹಾಕಿದ ಸಂಸ್ಥೆಯನ್ನ ಒಲಿಂಪಿಕ್ ಸಮಿತಿ ಮೊದಲೇ ಅಮಾನತು ಮಾಡಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಖೆಲಿಫ್ ಎದುರು ಇಟಲಿಯ ಕರಿನಿ 46 ಸೆಕೆಂಡ್‌ಗೆ ಕೈ ಚೆಲ್ಲಿದರು. ಅಷ್ಟೇ, ಅವತ್ತು ರಾತ್ರಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲೂ "ಗಂಡಸು ಹೆಂಗಸಿಗೆ ಹೊಡೆದ" ಅಂತ ವಿಡಿಯೊ ಬಂತು. ಖೆಲಿಫ್ ಚಿನ್ನ ಗೆದ್ದಿದ್ದನ್ನ ಯಾರೂ ಕಳಿಸಲಿಲ್ಲ.

ಜೋಹಾನ್ಸ್‌ಬರ್ಗ್_ಕನ್ನಡಿಗ:

ಸೆಮೆನ್ಯಾ ಕೇಸಿನ ಕೊನೆಯ ತೀರ್ಪು ಗೊತ್ತಿಲ್ಲದವರಿಗೆ: 2025ರ ಜುಲೈ 10ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ದೊಡ್ಡ ಪೀಠ, ಕ್ರೀಡಾ ನ್ಯಾಯಾಲಯದ ತೀರ್ಪಿನ ಮೇಲೆ ಇವರು ಹಾಕಿದ್ದ ಮೇಲ್ಮನವಿಯನ್ನ ಸ್ವಿಟ್ಜರ್ಲೆಂಡ್ ನ್ಯಾಯಾಲಯ ಸರಿಯಾಗಿ ವಿಚಾರಣೆ ಮಾಡಲಿಲ್ಲ ಅಂತ ಹೇಳಿತು. ನಿಯಮ ತಾರತಮ್ಯವೋ ಅಲ್ಲವೋ ಅನ್ನೋದಕ್ಕೆ ಕೈ ಹಾಕಲಿಲ್ಲ. ಆಕೆಗೆ ಆಗ 34 ವರ್ಷ.

ಲೇನ್_ನಾಲ್ಕು:

ಸರಿ, ನನ್ನ ನಿಲುವು ಹೇಳಿ ಮುಗಿಸ್ತೀನಿ, ನಾಳೆ ಬೆಳಿಗ್ಗೆ ಮಕ್ಕಳ ಪ್ರಾಕ್ಟೀಸ್ ಇದೆ. ಬೇಲಿ ಬೇಕು ಅಂತಲೇ ನಾನು ಈಗಲೂ ಹೇಳೋದು. ನಂಬರು ಬದಲಾಯಿಸ್ತಾ ಹೋಗಿದ್ದು ತಪ್ಪು ಅಂತ ಪ್ರಸಾದ್ ಸರ್ ಹೇಳಿದ್ದು ಒಪ್ತೀನಿ. ಆದರೆ ಮೇಷ್ಟ್ರೇ, ನಾಳೆ ನಿಮ್ಮ ಶಾಲೆಯ ಹುಡುಗಿ ನ್ಯಾಷನಲ್ಸ್‌ಗೆ ಆಯ್ಕೆಯಾಗಿ ಈ ಪರೀಕ್ಷೆಗೆ ಕರೆ ಬಂದರೆ ಏನು ಮಾಡ್ತೀರಿ? ಬೇಡ ಅಂತ ವಾಪಸ್ ಕರೆದುಕೊಂಡು ಬರ್ತೀರಾ?

ಪೀಟಿ_ಮೇಷ್ಟ್ರು_ಹಾಸನ:

ಇಲ್ಲ, ಕಳಿಸ್ತೀನಿ. ಓಡೋ ಹುಡುಗಿಯನ್ನ ನನ್ನ ವಾದಕ್ಕೋಸ್ಕರ ಮನೇಲಿ ಕೂರಿಸೋ ಹಕ್ಕು ನನಗಿಲ್ಲ. ಆದರೆ ಜೊತೆಗೆ ಅವರಮ್ಮನನ್ನೂ ಕಳಿಸ್ತೀನಿ. ಯಾವ ಪರೀಕ್ಷೆ, ಯಾಕೆ, ಫಲಿತಾಂಶ ಯಾರ ಕೈಗೆ ಹೋಗುತ್ತೆ, ಬೇಡ ಅಂದರೆ ಏನಾಗುತ್ತೆ ಅಂತ ಮುಂಚೆ ಬರೆದು ಕೊಡಿ ಅಂತ ಕೇಳ್ತೀನಿ. ಕವರು ಮೊದಲು ಹುಡುಗಿ ಕೈಗೆ ಬರಬೇಕು, ಫೆಡರೇಷನ್ ಆಫೀಸಿನ ಟೇಬಲ್ಲಿಗಲ್ಲ. ಪ್ರಸಾದ್, ಅಂಥ ಒಂದು ಅರ್ಜಿ ಹೇಗಿರಬೇಕು ಅಂತ ಬರೆದು ಇಲ್ಲಿ ಹಾಕ್ತೀರಾ?

ಪ್ಯಾಥಾಲಜಿ_ಪ್ರಸಾದ:

ಭಾನುವಾರ ಹಾಕ್ತೀನಿ ಸರ್. ಲೇನ್ ನಾಲ್ಕು ಮೇಡಂ, ಹಾಕುವ ಮುಂಚೆ ನೀವೂ ಒಂದು ಸಲ ನೋಡಿಬಿಡಿ. ಓಡಿದವರು ನೋಡಿದ್ರೆ ಯಾವ ಪ್ರಶ್ನೆ ಬಿಟ್ಟಿದ್ದೀನಿ ಅಂತ ಗೊತ್ತಾಗುತ್ತೆ.